ಬಣ್ಣ ಬದಲಿಸಿ ಮರಿಮೀನು ತಿನ್ನುವ ಡಾಟಿಬ್ಯಾಕ್: ನೇತ್ರಾಣಿ ಕಡೆ ಇಂಥದ್ದು ಯಾರಾದರೂ ನೋಡಿದ್ದೀರಾ?

ಕಾಳಿದಂಡೆ (ಕಾರವಾರ)

ಹವಳದ ಬಂಡೆ ಅಂದ ಕೂಡಲೇ ಎಲ್ಲರೂ ಶಾರ್ಕ್, ಗೋಬ್ರಾ (ಗ್ರೂಪರ್), ಹಾವುಮೀನು ಅಂತ ದೊಡ್ಡವರ ಕಥೆಯನ್ನೇ ಹೇಳುತ್ತಾರೆ. ನನ್ನ ತಲೆಯಲ್ಲಿ ಕೂತಿರುವುದು ಒಂದು ಸಣ್ಣ ಮೀನು. ಹೆಸರು ಡಸ್ಕಿ ಡಾಟಿಬ್ಯಾಕ್. ಉದ್ದ ಹೆಚ್ಚೆಂದರೆ 9-10 ಸೆಂಟಿಮೀಟರ್. ನಮ್ಮ ಮೀನುಪೇಟೆಗೆ ಬಂದರೆ ಯಾರೂ ರೇಟು ಕೇಳುವುದಿಲ್ಲ. ಆದರೆ ಹವಳದ ಮೇಲೆ ಆಗಷ್ಟೇ ಬಂದಿಳಿದ ಮರಿಗಳ ಪಾಲಿಗೆ ಇದೇ ಯಮ.

ಇದು ಗುಂಪಿನಲ್ಲಿ ತಿರುಗುವುದಿಲ್ಲ, ಒಂಟಿ. ಒಂದು ಹವಳದ ಗುಡ್ಡೆ, ಅದರ ಸಂದುಗೊಂದು ಎಲ್ಲ ತನ್ನದೇ ಅಂತ ಕಾಯುತ್ತದೆ. ತೂತಿನಿಂದ ತಲೆ ಹೊರಗೆ ಹಾಕಿ ನೋಡುತ್ತದೆ. ಫಕ್ಕನೆ ನುಗ್ಗಿ ಒಂದು ಮರಿಯನ್ನೋ ಪುಟ್ಟ ಸಿಗಡಿಯನ್ನೋ ಹಿಡಿದು ಮತ್ತೆ ಒಳಗೆ. ಇಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ವಿಷಯ ಇರುವುದು ಬಣ್ಣದಲ್ಲಿ. ಜಾತಿ ಒಂದೇ, ಆದರೆ ಕೆಲವು ಹಳದಿ, ಕೆಲವು ಕಂದು. ಗುಲಾಬಿ, ಕಿತ್ತಳೆ, ಬೂದು ಬಣ್ಣದವೂ ಉಂಟು. ಡ್ಯಾಮ್ಸೆಲ್ ಅಂತ ಹವಳದ ಸಣ್ಣ ಮೀನುಗಳಿವೆ. ಹಳದಿ ಡ್ಯಾಮ್ಸೆಲ್ ಇರುವಲ್ಲಿ ಹಳದಿ ಡಾಟಿಬ್ಯಾಕ್, ಕಂದು ಡ್ಯಾಮ್ಸೆಲ್ ಇರುವಲ್ಲಿ ಕಂದು ಡಾಟಿಬ್ಯಾಕ್. ಆ ಡ್ಯಾಮ್ಸೆಲ್‌ಗಳ ಮರಿಗಳೇ ಇದರ ಊಟ. ದೊಡ್ಡವರ ವೇಷ ಹಾಕಿಕೊಂಡು ಹೋಗಿ ಚಿಕ್ಕವರನ್ನು ತಿನ್ನುವ ಪೈಕಿ ಇದು!

ಇದರ ಮೇಲೆ ಜಾಸ್ತಿ ಕೆಲಸ ಆಗಿರುವುದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ. ನಮ್ಮ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್‌ಗೆ ಹೋದವರು ಹೀಗೆ ಬೇರೆಯವರ ಬಣ್ಣ ಹೊತ್ತು ತಿರುಗುವ ಸಣ್ಣ ಬೇಟೆಗಾರರನ್ನು ನೋಡಿದ್ದೀರಾ? ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ಬೈತಕೋಲ ಹುಡುಗ

ಬಣ್ಣ ಬದಲಿಸುವುದು ಅಂಥ ದೊಡ್ಡ ವಿಷಯವಾ ಅಣ್ಣಾ? ನಮ್ಮ ಬೊಂಡಾಸ (ಸ್ಕ್ವಿಡ್) ನೋಡಿ. ಬಲೆಯಿಂದ ಬೋಟಿಗೆ ಸುರಿದ ಮೇಲೂ ಮೈಮೇಲಿನ ಚುಕ್ಕೆಗಳು ಅಗಲ ಆಗುತ್ತವೆ, ಸಣ್ಣ ಆಗುತ್ತವೆ, ಮತ್ತೆ ಅಗಲ. ಕೆಂಪು ಕಂದು ಬಣ್ಣ ಮೈತುಂಬ ಹರಿದಾಡುತ್ತದೆ. ಅದು ಸಾಯುವವರೆಗೂ ಆಟ ನಡೆದೇ ಇರುತ್ತದೆ. ಎಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ. ನಿಮ್ಮ ಈ ಮೀನಿಗೆ ಎಷ್ಟು ಹೊತ್ತು ಬೇಕು?

ಕಾಳಿದಂಡೆ (ಕಾರವಾರ)

ಸುಮಾರು ಎರಡು ವಾರ ಬೇಕು ಮಾರಾಯಾ. ಅದೇ ಇದರ ಮಜಾ.

ಬೊಂಡಾಸದ ಚರ್ಮದಲ್ಲಿ ಬಣ್ಣದ ಸಣ್ಣ ಚೀಲಗಳು ಇರುತ್ತವೆ. ಪ್ರತಿ ಚೀಲದ ಸುತ್ತ ಪುಟ್ಟ ಸ್ನಾಯುಗಳು. ನರದಿಂದ ಆಜ್ಞೆ ಬಂದ ಕೂಡಲೇ ಸ್ನಾಯು ಎಳೆಯುತ್ತದೆ, ಚೀಲ ಅಗಲ ಆಗುತ್ತದೆ, ಬಣ್ಣ ಕಾಣುತ್ತದೆ. ಬಿಟ್ಟರೆ ಮುದುಡುತ್ತದೆ. ನೀನು ಬೋಟಿನಲ್ಲಿ ನೋಡುವುದು ಅದನ್ನೇ. ಡಾಟಿಬ್ಯಾಕ್‌ದು ಹಾಗಲ್ಲ. ಅದರ ಚರ್ಮದಲ್ಲಿ ಹಳದಿ ಕೋಶಗಳೂ ಕಪ್ಪು ಕೋಶಗಳೂ ಇರುತ್ತವೆ. ಬಣ್ಣ ಬದಲಾಗಬೇಕಾದರೆ ಇವೆರಡರ ಪ್ರಮಾಣವೇ ಬದಲಾಗಬೇಕು. ಹಳದಿ ಕೋಶದ ಪಾಲು ಜಾಸ್ತಿ ಆದರೆ ಮೀನು ಹಳದಿ. ಅದಕ್ಕೇ ಅಷ್ಟು ದಿನ ಹಿಡಿಯುತ್ತದೆ. ಇದು ಹೆದರಿಕೆಗೆ, ಸಿಟ್ಟಿಗೆ ಆಗುವ ಬಣ್ಣ ಅಲ್ಲ. ಊರು ಬದಲಾದರೆ ಮಾತ್ರ ಬದಲಾಗುವ ಬಣ್ಣ.

ಶರಾವತಿ ಕಡೆಯವ (ಹೊನ್ನಾವರ)

ಒಂದು ತಕರಾರು ಇದೆ. ಜೀವಂತ ಹವಳದ ಮೇಲೆ ಹಳದಿ ಬಣ್ಣ ಮರೆಯಾಗುತ್ತದೆ, ಸತ್ತ ಹವಳದ ಚೂರಿನ ಮೇಲೆ ಕಂದು ಬಣ್ಣ ಮರೆಯಾಗುತ್ತದೆ. ಡ್ಯಾಮ್ಸೆಲ್‌ಗಳೂ ಅದೇ ಕಾರಣಕ್ಕೆ ಹಳದಿ, ಕಂದು ಆಗಿರಬಹುದು ಅಲ್ವಾ? ಇಬ್ಬರೂ ತಮ್ಮ ತಮ್ಮ ನೆಲಕ್ಕೆ ಹೊಂದಿಕೊಂಡಿದ್ದಾರೆ ಅಷ್ಟೆ. "ಒಬ್ಬರು ಇನ್ನೊಬ್ಬರ ವೇಷ ಹಾಕಿದ್ದಾರೆ" ಅನ್ನುವುದು ನಾವು ಕಟ್ಟಿದ ಕಥೆ ಇರಬಹುದು. ಯೂಟ್ಯೂಬ್ ವಿಡಿಯೋಗಳಲ್ಲಿ ಇಂಥ ಕಥೆ ದಿನಾ ಬರುತ್ತವೆ.

ಘಟ್ಟದ ಮೇಲೆ (ಶಿರಸಿ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆ ಇರಲಿ. ಇದೇ ಡಾಟಿಬ್ಯಾಕ್ ಕುಟುಂಬದ್ದು ಇರಬೇಕು ಅನ್ನಿಸುವ ಒಂದು ಮೀನು ನಮ್ಮ ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಉಂಟು. ಮುಂದಿನ ಅರ್ಧ ನೇರಳೆ, ಹಿಂದಿನ ಅರ್ಧ ಹಳದಿ. ಅಂಗಡಿಯವರು "ರಾಯಲ್ ಗ್ರಾಮಾ, ಪಾಪದ ಮೀನು" ಅಂತ ಹೇಳಿ ಕೊಟ್ಟಿದ್ದರು. ಅದು ಬಂದ ಮೇಲೆ ಟ್ಯಾಂಕಿನ ಸಣ್ಣ ಸಿಗಡಿಗಳು ಒಂದೊಂದೇ ಕಾಣೆಯಾದವು. ಈಗ ಕ್ಲೌನ್ ಮೀನನ್ನೂ ಮೂಲೆಗೆ ಅಟ್ಟಿದೆ. ಪಾಪದ ಮೀನು ಅಂದರೆ ಹೀಗಿರುತ್ತದಾ?

ಕಾಳಿದಂಡೆ (ಕಾರವಾರ)

@ಘಟ್ಟದ ಮೇಲೆ, ನೇರಳೆ ಮುಗಿದು ಹಳದಿ ಶುರುವಾಗುವ ಜಾಗ ನೋಡಿ. ಗೆರೆ ಎಳೆದ ಹಾಗೆ ಚೊಕ್ಕ ಇದ್ದರೆ ಅದು ರಾಯಲ್ ಡಾಟಿಬ್ಯಾಕ್, ಪಶ್ಚಿಮ ಪೆಸಿಫಿಕ್ ಕಡೆಯದ್ದು. ಎರಡು ಬಣ್ಣ ಒಂದರೊಳಗೊಂದು ಬೆರೆತ ಹಾಗಿದ್ದು, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಒಂದು ಕಪ್ಪು ಚುಕ್ಕೆ, ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಗೆರೆ ಇದ್ದರೆ ಅದು ರಾಯಲ್ ಗ್ರಾಮಾ. ಅದು ಕೆರಿಬಿಯನ್ ಸಮುದ್ರದ ಮೀನು, ನಿಜಕ್ಕೂ ಸಾಧು. ನೀವು ಹೇಳುವ ಗುಣ ನೋಡಿದರೆ ನಿಮ್ಮದು ಮೊದಲನೆಯದ್ದೇ.

@ಶರಾವತಿ ಕಡೆಯವ, ನಿಮ್ಮ ತಕರಾರು ಸರಿಯಾದದ್ದು. ಅದಕ್ಕೆ ಉತ್ತರ ಪ್ರಯೋಗದಿಂದಲೇ ಸಿಗಬೇಕು. ಅದನ್ನು ಮಾಡಿಯೂ ಆಗಿದೆ.

ಫ್ಯಾಬಿಯೊ ಕೊರ್ಟೆಸಿ ಮತ್ತು ಅವರ ಜೊತೆಗಾರರು ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರಕ್ಕಿರುವ ಲಿಜರ್ಡ್ ದ್ವೀಪದಲ್ಲಿ ಕೆಲಸ ಮಾಡಿದರು. 2015ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮರಳಿನ ಮೇಲೆ ಇವರೇ ಸಣ್ಣ ಸಣ್ಣ ಗುಡ್ಡೆ ಕಟ್ಟಿದರು. ಕೆಲವು ಜೀವಂತ ಹವಳದ್ದು, ಕೆಲವು ಹವಳದ ಚೂರಿನದ್ದು. ಅವುಗಳ ಮೇಲೆ ಕೆಲವು ಕಡೆ ಹಳದಿ ಡ್ಯಾಮ್ಸೆಲ್, ಕೆಲವು ಕಡೆ ಕಂದು ಡ್ಯಾಮ್ಸೆಲ್ ಬಿಟ್ಟರು. ಈಗ ನೆಲ ಬೇರೆ, ನೆರೆಹೊರೆ ಬೇರೆ ಆಯಿತು ನೋಡಿ. ಚೂರಿನ ಗುಡ್ಡೆಯ ಮೇಲೆ ಹಳದಿ ನೆರೆಯವರು ಇರಬಹುದು, ಜೀವಂತ ಹವಳದ ಮೇಲೆ ಕಂದು ನೆರೆಯವರು ಇರಬಹುದು. ಆಮೇಲೆ ಡಾಟಿಬ್ಯಾಕ್ ಬಿಟ್ಟು ಕಾದರು.

ನೆಲದ ಬಣ್ಣವೇ ಕಾರಣ ಆಗಿದ್ದರೆ ಚೂರಿನ ಮೇಲೆ ಬಿಟ್ಟದ್ದೆಲ್ಲ ಕಂದು ಆಗಬೇಕಿತ್ತು. ಹಾಗಾಗಲಿಲ್ಲ. ಕೆಳಗೆ ಯಾವ ನೆಲವೇ ಇರಲಿ, ಡಾಟಿಬ್ಯಾಕ್ ಸುತ್ತಲಿನ ಡ್ಯಾಮ್ಸೆಲ್‌ಗಳ ಬಣ್ಣಕ್ಕೇ ತಿರುಗಿತು. ಕಂದು ಮೀನು ಹಳದಿ ಆಯಿತು, ಹಳದಿ ಮೀನು ಕಂದು ಆಯಿತು. ಅದು ನೋಡುತ್ತಿರುವುದು ನೆರೆಯವರನ್ನು, ನೆಲವನ್ನಲ್ಲ.

ಲಾಭ ಎಷ್ಟು ಅನ್ನುವುದನ್ನೂ ಅಳೆದರು. ಬಣ್ಣ ಹೊಂದಿದಾಗ ಮರಿಗಳನ್ನು ಹಿಡಿಯುವುದರಲ್ಲಿ ಮೂರು ಪಟ್ಟಿನವರೆಗೂ ಹೆಚ್ಚು ಯಶಸ್ಸು. ಬಣ್ಣ ಹೊಂದದಿದ್ದರೆ ಮರಿಗಳು ಮೊದಲೇ ಹುಷಾರಾಗುತ್ತವೆ.

ಹಾಗಂತ ನಿಮ್ಮ ಮಾತು ಪೂರ್ತಿ ಬಿದ್ದುಹೋಗುವುದಿಲ್ಲ. ಡಾಟಿಬ್ಯಾಕನ್ನು ತಿನ್ನುವವರೂ ಇದ್ದಾರೆ. ನಮ್ಮ ಗೋಬ್ರಾ ಕುಟುಂಬದ್ದೇ ಆದ ಕೋರಲ್ ಟ್ರೌಟ್ ಅಂಥದ್ದು. ನಿಜವಾದ ಬಂಡೆಯಲ್ಲಿ ಹಳದಿ ಡ್ಯಾಮ್ಸೆಲ್ ಜೀವಂತ ಹವಳದ ಕಡೆ, ಕಂದು ಡ್ಯಾಮ್ಸೆಲ್ ಚೂರಿನ ಕಡೆ ಇರುವುದರಿಂದ, ನೆರೆಯವರ ಬಣ್ಣ ಹೊತ್ತ ಡಾಟಿಬ್ಯಾಕ್ ತಾನಾಗಿಯೇ ನೆಲದ ಬಣ್ಣಕ್ಕೂ ಹೊಂದುತ್ತದೆ. ಹೀಗೆ ಹೊಂದಿದ ಮೀನಿನ ಮೇಲೆ ಟ್ರೌಟ್ ದಾಳಿ ಕಡಿಮೆ. ಒಂದೇ ಅಂಗಿ, ಊಟಕ್ಕೂ ಆಯಿತು, ಜೀವ ಉಳಿಸಿಕೊಳ್ಳಲಿಕ್ಕೂ ಆಯಿತು.

ಶರಾವತಿ ಕಡೆಯವ (ಹೊನ್ನಾವರ)

ನೆಲ ಬೇರೆ, ನೆರೆ ಬೇರೆ ಮಾಡಿ ನೋಡಿದ್ದು ಒಪ್ಪುವ ಮಾತು. ಆದರೆ "ವೇಷ", "ಮೋಸ" ಅಂತ ಬರೆಯುವಾಗ ಸ್ವಲ್ಪ ಹಿಡಿತ ಇರಲಿ. ಮೀನು ಕೂತು ಯೋಚನೆ ಮಾಡಿ ಬಣ್ಣ ಹಾಕಿಕೊಳ್ಳುವುದಿಲ್ಲ. ಕಣ್ಣಿಗೆ ಹಳದಿ ಕಾಣುತ್ತದೆ, ಮೈ ಹಳದಿ ಆಗುತ್ತದೆ. ಅಷ್ಟೇ.

ಬೈತಕೋಲ ಹುಡುಗ

ಯೋಚನೆ ಮಾಡದಿದ್ದರೂ ಹೊಟ್ಟೆ ತುಂಬುತ್ತದಲ್ಲ ಅಣ್ಣಾ, ಅದಕ್ಕೆ ಅಷ್ಟು ಸಾಕು 😀

ಕುಮಟೆ ಅಕ್ಕೋರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಥ್ರೆಡ್ ಅನ್ನು ಇವತ್ತು ಒಂಬತ್ತನೇ ಕ್ಲಾಸಿಗೆ ಓದಿ ಹೇಳಿದೆ. ಮಕ್ಕಳ ಪ್ರಶ್ನೆ ಒಂದೇ: "ಅಕ್ಕೋರೆ, ಮರಿಗೆ ತನ್ನ ಅಪ್ಪ ಅಮ್ಮನ ಗುರುತು ಸಿಗುವುದಿಲ್ಲವಾ?" ಹಿಂದಿನ ಬೆಂಚಿನವನೊಬ್ಬ ಇನ್ನೊಂದು ಕೇಳಿದ. "ಎಲ್ಲ ಮರಿಗಳನ್ನೂ ತಿಂದು ಮುಗಿಸಿದರೆ ಆಮೇಲೆ ಅದಕ್ಕೆ ಊಟ ಎಲ್ಲಿ?" ಕಾಳಿದಂಡೆಯವರು ಸ್ವಲ್ಪ ಬಿಡಿಸಿ ಹೇಳಬೇಕು.

ಕಾಳಿದಂಡೆ (ಕಾರವಾರ)

ಅಕ್ಕೋರೆ, ಎರಡೂ ಒಳ್ಳೆಯ ಪ್ರಶ್ನೆ. ಮೊದಲನೆಯದ್ದಕ್ಕೆ ಡ್ಯಾಮ್ಸೆಲ್‌ನ ಬಾಲ್ಯ ತಿಳಿಯಬೇಕು.

ಹೆಣ್ಣು ಡ್ಯಾಮ್ಸೆಲ್ ಕಲ್ಲಿಗೋ ಸತ್ತ ಹವಳಕ್ಕೋ ಮೊಟ್ಟೆ ಅಂಟಿಸುತ್ತದೆ. ಗಂಡು ಅದನ್ನು ಕಾಯುತ್ತದೆ. ಅಪ್ಪನ ಕೆಲಸ ಅಲ್ಲಿಗೆ ಮುಗಿಯಿತು. ಮೊಟ್ಟೆ ಒಡೆದ ಕೂಡಲೇ ಮರಿಗಳು ತೆರೆದ ಸಮುದ್ರಕ್ಕೆ ತೇಲಿ ಹೋಗುತ್ತವೆ. ಸುಮಾರು ಮೂರು ವಾರ ಅಲ್ಲೇ ಬೆಳೆದು, ರಾತ್ರಿ ಹೊತ್ತು ಯಾವುದೋ ಒಂದು ಬಂಡೆಗೆ ಬಂದು ಇಳಿಯುತ್ತವೆ. ಅದು ಹುಟ್ಟಿದ ಊರೇ ಆಗಬೇಕು ಅಂತ ಇಲ್ಲ. ಆಗ ಅದರ ಉದ್ದ ಒಂದು ಸೆಂಟಿಮೀಟರ್ ಚಿಲ್ಲರೆ. ಮೈ ಇನ್ನೂ ಅರ್ಧ ಪಾರದರ್ಶಕ, ಬಂಡೆ ಅಂದರೆ ಏನು ಅಂತಲೇ ಗೊತ್ತಿಲ್ಲ. ಹಾಗಾಗಿ ಅಪ್ಪ ಅಮ್ಮನ ಗುರುತಿನ ಪ್ರಶ್ನೆಯೇ ಬರುವುದಿಲ್ಲ. ಮದುವೆ ಮನೆಯಲ್ಲಿ ಪಂಚೆ ಶಲ್ಯ ಹೊದ್ದು ಓಡಾಡುವವನನ್ನು "ನೀನು ಯಾರ ಕಡೆಯವ" ಅಂತ ಯಾರೂ ಕೇಳುವುದಿಲ್ಲ ನೋಡಿ, ಇದೂ ಹಾಗೆ. ಸುತ್ತ ಹತ್ತಾರು ಹಳದಿ ಮೀನು, ಅದರಲ್ಲಿ ಇನ್ನೊಂದು ಹಳದಿ.

ಬಂದಿಳಿದ ಮೊದಲ ಒಂದೆರಡು ದಿನದಲ್ಲೇ ಅರ್ಧಕ್ಕಿಂತ ಜಾಸ್ತಿ ಮರಿಗಳು ಯಾರದೋ ಬಾಯಿಗೆ ಹೋಗುತ್ತವೆ. ಹಲವಾರು ಜಾತಿಗಳ ಮೇಲೆ ನಡೆದ ಅಧ್ಯಯನಗಳ ಸರಾಸರಿ ಇದು. ಎಲ್ಲ ಡಾಟಿಬ್ಯಾಕ್ ತಿಂದದ್ದಲ್ಲ, ಅದರ ಪಾಲೂ ಇದೆ.

ಬದುಕಿದವು ಬೇಗ ಕಲಿಯುತ್ತವೆ. ಮೀನಿನ ಚರ್ಮಕ್ಕೆ ಗಾಯ ಆದಾಗ ನೀರಿಗೆ ಒಂದು ರಾಸಾಯನಿಕ ಸೇರುತ್ತದೆ. ಸ್ವಜಾತಿಯ ಮೀನುಗಳಿಗೆ ಅದು ಅಪಾಯದ ವಾಸನೆ. ಕಾರ್ಲ್ ಫಾನ್ ಫ್ರಿಶ್ 1938ರಲ್ಲೇ ಸಿಹಿನೀರಿನ ಮಿನ್ನೋ ಮೀನಿನಲ್ಲಿ ಇದನ್ನು ತೋರಿಸಿದ್ದರು. ಹೌದು, ಜೇನುನೊಣದ ಕುಣಿತದ ಅರ್ಥ ಬಿಡಿಸಿದವರೇ. ಡ್ಯಾಮ್ಸೆಲ್ ಮರಿ ಈ ಗಾಯದ ವಾಸನೆ ಮತ್ತು ಡಾಟಿಬ್ಯಾಕ್ ವಾಸನೆ ಎರಡನ್ನೂ ಒಟ್ಟಿಗೆ ಒಮ್ಮೆ ಮೂಸಿದರೆ ಸಾಕು. ಮುಂದೆ ಡಾಟಿಬ್ಯಾಕ್ ವಾಸನೆಗೇ ಹೆದರಿ ಅಡಗುತ್ತದೆ. ಕಣ್ಣಿಗೆ ಮೋಸ ಮಾಡಿದರೂ ಮೂಗಿಗೆ ಮಾಡುವುದು ಕಷ್ಟ.

ಎರಡನೇ ಪ್ರಶ್ನೆ ಕೇಳಿದವನಿಗೆ ನನ್ನ ಶಹಬ್ಬಾಸ್ ಹೇಳಿ. ವೇಷಧಾರಿಗಳು ಜಾಸ್ತಿ ಆದರೆ ವೇಷ ನಡೆಯುವುದಿಲ್ಲ. ಹಳದಿ ಮೀನು ಕಂಡಾಗೆಲ್ಲ ಮರಿಗಳು ಹುಷಾರಾಗಲು ಕಲಿಯುತ್ತವೆ. ಆದ್ದರಿಂದ ಇಂಥ ಬೇಟೆಗಾರರು ಅಸಲಿಗಳಿಗಿಂತ ತೀರಾ ಕಮ್ಮಿ ಇದ್ದರೇ ಲಾಭ. ಒಂದು ಗುಡ್ಡೆಗೆ ಒಂದು ಅಂತ ಒಂಟಿಯಾಗಿ ಇರುವುದು ಇದಕ್ಕೆ ಸರಿ ಹೊಂದುತ್ತದೆ. ಒಂದು ಬಣ್ಣದ ನೆರೆಯವರು ಕಮ್ಮಿಯಾದರೆ ಇನ್ನೊಂದು ಕಡೆ ಹೋಗಿ, ಬೇರೆ ಬಣ್ಣಕ್ಕೆ ತಿರುಗುವ ದಾರಿಯೂ ಇದಕ್ಕೆ ಇದೆ.

ಇನ್ನೊಂದು ವಿಷಯ, ಕ್ಲಾಸಿನಲ್ಲಿ ಹೇಳಬಹುದು. ಡಾಟಿಬ್ಯಾಕ್ ಮರಿಗಳು ಶುರುವಿನಲ್ಲಿ ಈ ವೇಷ ಹಾಕುವುದಿಲ್ಲ. ಮಸುಕು ಬಣ್ಣದಲ್ಲಿ ಹವಳದ ಚೂರಿನ ನಡುವೆ ಅಡಗಿ ಬೆಳೆಯುತ್ತವೆ. ದೊಡ್ಡವಾಗಿ ಡ್ಯಾಮ್ಸೆಲ್ ಇರುವ ಕಡೆಗೆ ಹೋಗುವಾಗ ಬಣ್ಣ ಬರುತ್ತದೆ. ಅದೇ ಹೊತ್ತಿಗೆ ಕಣ್ಣಿನ ಒಳಗಿನ ವ್ಯವಸ್ಥೆಯೂ ಬದಲಾಗುತ್ತದೆ.

ನೀರೊಳಗೆ (ಮುರ್ಡೇಶ್ವರ)

ತಡವಾಗಿ ಬಂದೆ. ಸೀಸನ್ ನಡೆಯುತ್ತಿದೆ, ಬೆಳಿಗ್ಗೆ ಬೋಟ್ ಹತ್ತಿದರೆ ಫೋನ್ ಮುಟ್ಟುವುದೇ ಸಂಜೆ.

ನೇತ್ರಾಣಿ ಬಗ್ಗೆ ಕೇಳಿದ್ದೀರಿ. ದಡದಿಂದ ಸುಮಾರು 19 ಕಿಲೋಮೀಟರ್. ಮೊದಲೇ ಹೇಳುತ್ತೇನೆ, ಲಕ್ಷದ್ವೀಪದ ಹಾಗೆ ಹವಳವೇ ಕಟ್ಟಿದ ದ್ವೀಪ ಅಲ್ಲ. ಬಂಡೆಗಲ್ಲಿನ ದ್ವೀಪ, ಅದರ ಬುಡದಲ್ಲಿ ಅಲ್ಲಲ್ಲಿ ಹವಳ. ಡಸ್ಕಿ ಡಾಟಿಬ್ಯಾಕ್ ನನ್ನ ಕಣ್ಣಿಗೆ ಬಿದ್ದಿಲ್ಲ. ಡ್ಯಾಮ್ಸೆಲ್ ಜಾತಿಯವು ಬೇಕಾದಷ್ಟು. ಬೇಟೆಗಾರರಲ್ಲಿ ಲಯನ್ ಫಿಶ್, ಮೊರೇ ಹಾವುಮೀನು, ಗೋಬ್ರಾ, ಹೊರಗೆ ನೀಲಿ ನೀರಿನಲ್ಲಿ ಬರಾಕುಡಾ.

ಹೊಸಬರು ಒಂದು ತಪ್ಪು ಮಾಡುತ್ತಾರೆ. ದೊಡ್ಡ ಮೀನು ಎಲ್ಲಿ ಅಂತ ಹುಡುಕುತ್ತ ಕಾಲು ಬಡಿದು ಹೋಗುತ್ತಾರೆ. ಒಂದೇ ಬಂಡೆಯ ಮುಂದೆ ಐದು ನಿಮಿಷ ಅಲುಗಾಡದೆ ನಿಲ್ಲಿ. ಮೊದಲು ಡ್ಯಾಮ್ಸೆಲ್‌ಗಳು ಒಳಗೆ ಹೋಗಿರುತ್ತವೆ, ಆಮೇಲೆ ಒಂದೊಂದೇ ಹೊರಗೆ ಬರುತ್ತವೆ. ಆಗ ಬಂಡೆಯ ತೂತುಗಳಲ್ಲಿ ಕಣ್ಣುಗಳು ಕಾಣಲು ಶುರುವಾಗುತ್ತವೆ. ಬ್ಲೆನ್ನಿ ಮೀನು ಗಲ್ಲ ಊರಿ ಕೂತಿರುತ್ತದೆ, ಕಣ್ಣು ಮಾತ್ರ ಒಂದು ಆ ಕಡೆ, ಒಂದು ಈ ಕಡೆ ತಿರುಗುತ್ತ ಇರುತ್ತದೆ. ಕೈ ಎತ್ತಿದರೆ ಸಾಕು, ಹಿಮ್ಮುಖವಾಗಿಯೇ ತೂತಿಗೆ ಸೇರುತ್ತದೆ.

ಬಣ್ಣದ ವೇಷ ಬೇಕು ಅಂದರೆ ಫ್ಯಾಂಗ್ ಬ್ಲೆನ್ನಿ ಬಗ್ಗೆ ಓದಿ. ಅಂಡಮಾನ್‌ನಲ್ಲಿ ನೋಡಿದ್ದೇನೆ. ಕ್ಲೀನರ್ ರಾಸ್ ಅಂತ ಒಂದು ಮೀನು ಇದೆ, ದೊಡ್ಡ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ತಿಂದು ಶುಚಿ ಮಾಡುತ್ತದೆ. ಅದರ ಮರಿಯ ಹಾಗೆ ಕಪ್ಪು ಮೈ, ನೀಲಿ ಗೆರೆ ಹೊತ್ತು ನೀಲಿ ಗೆರೆಯ ಫ್ಯಾಂಗ್ ಬ್ಲೆನ್ನಿ ಹತ್ತಿರ ಬರುತ್ತದೆ. ಶುಚಿ ಮಾಡಿಸಿಕೊಳ್ಳಲು ನಿಂತ ಗಿರಾಕಿಯ ಚರ್ಮ, ಹುರುಪೆ ಕಚ್ಚಿಕೊಂಡು ಓಡುತ್ತದೆ. ಇದೂ ಬೇಕೆಂದಾಗ ಬಣ್ಣ ಬದಲಿಸಬಲ್ಲದು.

ಬೈತಕೋಲ ಹುಡುಗ

ನೇತ್ರಾಣಿ ಮಾತು ಬಂತು ಅಂತ ಕೇಳುತ್ತೇನೆ. ನೌಕಾಪಡೆಯವರು ಅದರ ಮೇಲೆ ಗುಂಡು ಹಾರಿಸಿ ಅಭ್ಯಾಸ ಮಾಡುತ್ತಿದ್ದರು ಅಂತ ನಮ್ಮ ದೊಡ್ಡವರು ಹೇಳುತ್ತಾರೆ. ಅಂಥ ಜಾಗದಲ್ಲಿ ಹವಳ ಉಳಿದದ್ದಾದರೂ ಹೇಗೆ?

ನೀರೊಳಗೆ (ಮುರ್ಡೇಶ್ವರ)

ಅಭ್ಯಾಸ ನಡೆಯುತ್ತಿದ್ದದ್ದು ಹೌದು. ಅದಕ್ಕೆ ವಿರೋಧವೂ ಜೋರಾಗಿ ಬಂದಿತ್ತು. ಅದರ ಚರ್ಚೆಗೆ ಬೇರೆ ಥ್ರೆಡ್ ತೆರೆಯಿರಿ, ಇಲ್ಲಿ ಶುರು ಮಾಡಿದರೆ ಮೀನು ಮರೆತುಹೋಗುತ್ತದೆ. ದಿನನಿತ್ಯ ನಾವು ಕಾಣುವುದು ಲಂಗರಿನ ಹೊಡೆತ. ಬೋಟಿನ ಲಂಗರು ಒಂದು ಸಲ ಎಳೆದುಕೊಂಡು ಹೋದರೆ ಹವಳದ ಕೊಂಬೆ ಪುಡಿ ಪುಡಿ. ಅಲ್ಲಿ ಅಡಗಿದ್ದ ಮರಿಗಳಿಗೆ ಜಾಗವೇ ಇಲ್ಲ. ಮತ್ತೆ ನೆನಪಿಗೆ ದಯವಿಟ್ಟು ಹವಳ ಎತ್ತಿಕೊಂಡು ಬರಬೇಡಿ. 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಗಟ್ಟಿ ಹವಳಗಳು ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ.

ಶರಾವತಿ ಕಡೆಯವ (ಹೊನ್ನಾವರ)

ವೇಷ ಹಾಕದೆ, ಬರೀ ಇನ್ನೊಬ್ಬರ ಮರೆಯಲ್ಲಿ ಹೋಗುವವರೂ ಇದ್ದಾರೆ. ಟ್ರಂಪೆಟ್ ಮೀನು ಗಿಳಿಮೀನಿನ ಪಕ್ಕಕ್ಕೆ ಒತ್ತಿಕೊಂಡು ಈಜುತ್ತದೆ. ಕುರಸಾವ್ ದ್ವೀಪದಲ್ಲಿ ಮೀನಿನ ಮಾದರಿಗಳನ್ನು ನೀರಿನಡಿ ದಾರದ ಮೇಲೆ ಎಳೆದು ಡ್ಯಾಮ್ಸೆಲ್‌ಗಳು ಏನು ಮಾಡುತ್ತವೆ ಅಂತ ನೋಡಿದ್ದಾರೆ, 2023ರಲ್ಲಿ ಪ್ರಕಟವಾಯಿತು. ಟ್ರಂಪೆಟ್ ಮೀನಿನ ಮಾದರಿ ಒಂಟಿಯಾಗಿ ಹೋದರೆ ಡ್ಯಾಮ್ಸೆಲ್‌ಗಳು ಬಂದು ಪರೀಕ್ಷೆ ಮಾಡಿ ಓಡಿದವು. ಗಿಳಿಮೀನಿನ ಮಾದರಿಗೆ ಅಂಟಿಸಿ ಕಳಿಸಿದರೆ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ವಾರ ಕಾಯುವ ರಗಳೆ ಇಲ್ಲದ ಉಪಾಯ. ಪ್ರಯೋಗ ಇದ್ದರೆ ನಾನೂ ಒಪ್ಪುತ್ತೇನೆ, ಗೊತ್ತಾಯಿತಲ್ಲ 🙂

ಘಟ್ಟದ ಮೇಲೆ (ಶಿರಸಿ)

ಟಾರ್ಚ್ ಹಾಕಿ ನೋಡಿದೆ. ಗೆರೆ ಎಳೆದ ಹಾಗೇ ಇದೆ, ಕಪ್ಪು ಚುಕ್ಕೆ ಇಲ್ಲ. ರಾಯಲ್ ಡಾಟಿಬ್ಯಾಕೇ. ಹಾಗಾದರೆ ಇದೂ ಕ್ಲೌನ್ ಮೀನಿನ ಕಿತ್ತಳೆ ಬಣ್ಣಕ್ಕೆ ತಿರುಗುತ್ತದಾ? ಇನ್ನೊಂದು, ಜೋಡಿ ಇಲ್ಲದೆ ಸಿಟ್ಟಾಗಿದೆಯಾ? ಇನ್ನೊಂದು ತಂದು ಬಿಡಲೇ? ನಮ್ಮ ಮನೆಯವರು "ಕಾರವಾರಕ್ಕೆ ಹೋದಾಗ ದೇವಬಾಗದಲ್ಲಿ ಸಮುದ್ರಕ್ಕೆ ಬಿಟ್ಟು ಬನ್ನಿ, ಪುಣ್ಯ ಬರುತ್ತದೆ" ಅನ್ನುತ್ತಿದ್ದಾರೆ.

ಕಾಳಿದಂಡೆ (ಕಾರವಾರ)

ಬಿಡಲೇಬೇಡಿ. ಲಯನ್ ಫಿಶ್ ನಮ್ಮ ಕಡೆಯ ಸಮುದ್ರದ್ದು. ಅಟ್ಲಾಂಟಿಕ್‌ನ ಫ್ಲೋರಿಡಾದಲ್ಲಿ ಅದು ಮೊದಲು ಕಂಡದ್ದು 1985ರಲ್ಲಿ. ಅಕ್ವೇರಿಯಂನಿಂದ ಹೊರಬಿದ್ದವೇ ಅದರ ಮೂಲ ಅಂತ ಹೇಳುತ್ತಾರೆ. ಈಗ ಕೆರಿಬಿಯನ್ ಪೂರ್ತಿ ಹಬ್ಬಿ ಅಲ್ಲಿನ ಸಣ್ಣ ಮೀನುಗಳನ್ನು ಬಳಿದು ತಿನ್ನುತ್ತಿದೆ. ನಿಮ್ಮ ಒಂದು ಮೀನಿನಿಂದ ಅಷ್ಟೆಲ್ಲ ಆಗದಿರಬಹುದು. ಆದರೆ ಟ್ಯಾಂಕಿನ ರೋಗ ಹೊತ್ತುಕೊಂಡು ಹೋಗುವ ಅಪಾಯವೂ ಇದೆ.

ಜೋಡಿ ಮಾಡುವ ಹುಚ್ಚೂ ಬೇಡ. ಡಾಟಿಬ್ಯಾಕ್‌ಗಳು ಲಿಂಗ ಬದಲಿಸುವ ಪೈಕಿ. ಹೆಣ್ಣು ಗಂಡಾಗುತ್ತದೆ, ಕೆಲವು ಜಾತಿಯಲ್ಲಿ ಗಂಡು ಮತ್ತೆ ಹೆಣ್ಣಾಗುವುದೂ ಕಂಡಿದೆ. ಮೊಟ್ಟೆ ಇಟ್ಟರೆ ಉಂಡೆ ಕಟ್ಟಿದ ಮೊಟ್ಟೆಗಳನ್ನು ಗಂಡು ತೂತಿನೊಳಗೆ ಕಾಯುವುದು ನೋಡಲಿಕ್ಕೆ ಚೆಂದ. ಆದರೆ ಸಣ್ಣ ಟ್ಯಾಂಕಿನಲ್ಲಿ ಎರಡು ಬಿಟ್ಟರೆ ಅಷ್ಟರೊಳಗೆ ಒಂದು ಸತ್ತಿರುತ್ತದೆ. ಇದು ಕಿತ್ತಳೆ ಬಣ್ಣಕ್ಕೆ ತಿರುಗುವುದಿಲ್ಲ. ಆ ವಿದ್ಯೆ ಡಸ್ಕಿಯದ್ದು, ಇದು ಹುಟ್ಟಾ ಎರಡು ಬಣ್ಣ.

ಸಾಧ್ಯವಾದರೆ ಬೇರೆ ಟ್ಯಾಂಕಿಗೆ ಹಾಕಿ, ಕಲ್ಲು ಜೋಡಿಸಿ ತೂತುಗಳು ಮಾಡಿಕೊಡಿ, ಮುಚ್ಚಳ ಗಟ್ಟಿ ಇರಲಿ, ಹಾರುತ್ತದೆ. ಒಂದೇ ಟ್ಯಾಂಕ್ ಅಂದರೆ ಕಲ್ಲುಗಳನ್ನೆಲ್ಲ ತೆಗೆದು ಬೇರೆ ರೀತಿ ಜೋಡಿಸಿ ನೋಡಿ. ತನ್ನ ಜಾಗದ ಗುರುತು ತಪ್ಪಿದರೆ ಕೆಲವು ದಿನ ಸುಮ್ನೆ ಇರುತ್ತದೆ.

ಘಟ್ಟದ ಮೇಲೆ (ಶಿರಸಿ)

ಕಲ್ಲು ಜೋಡಿಸುವುದು ನಾಳೆ ಮಾಡುತ್ತೇನೆ. ಆದರೂ ಬೇರೆ ಟ್ಯಾಂಕೇ ಒಳ್ಳೆಯದು ಅನ್ನಿಸುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಯಾರ ಹತ್ತಿರವಾದರೂ ನೂರು ಲೀಟರಿನ ಹಳೆಯ ಟ್ಯಾಂಕ್ ಇದ್ದರೆ ಮೆಸೇಜ್ ಮಾಡಿ. ಸೋರಬಾರದು, ಮುಚ್ಚಳ ಇರಬೇಕು. ಬದಲಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕೊಡಲಿಕ್ಕೂ ತಯಾರಿದ್ದೇನೆ.